ದೊಡ್ಡಪ್ಪನ ೧೦೦೧ ರೂಪಾಯಿ

ಊರಿನ ದೇವಸ್ಥಾನದ ಜಾತ್ರೆಗೆ ವಂತಿಗೆ ಕಳಿಸಲು ಒಂದು ಆನ್‌ಲೈನ್ ಫಾರ್ಮ್ ಮಾಡಿಕೊಟ್ಟಿದ್ದೆ. ಪೂರ್ತಿ ಕನ್ನಡದಲ್ಲಿ. ಕಳೆದ ಭಾನುವಾರ ಉಡುಪಿಯ ಕಡಿಯಾಳಿಯಲ್ಲಿರುವ ದೊಡ್ಡಪ್ಪನ ಮನೆಗೆ ಹೋದಾಗ ಅವರು ಫೋನ್ ನನ್ನ ಕೈಗಿಟ್ಟರು. "ಇದು ಎಂತ ಮಾರಾಯ? ಮೂರು ಸಲ ಬರೆದೆ, ತಗೊಳ್ಳುವುದೇ ಇಲ್ಲ."

ಹಣದ ಜಾಗದಲ್ಲಿ ೧೦೦೧ ಅಂತ ಇತ್ತು. ಅದರ ಕೆಳಗೆ ಕೆಂಪು ಅಕ್ಷರದಲ್ಲಿ ನಾನೇ ಬರೆದ ಸಾಲು: "ಸರಿಯಾದ ಸಂಖ್ಯೆ ಬರೆಯಿರಿ."

ತುಂಬ ನಾಚಿಕೆಯಾಯಿತು. ನಲವತ್ತು ವರ್ಷ ಜಿನಸಿನ ಅಂಗಡಿಯ ಲೆಕ್ಕವನ್ನು ಕನ್ನಡ ಅಂಕಿಯಲ್ಲೇ ಬರೆದವರು ಅವರು. ಅವರಿಗೆ ನನ್ನ ಫಾರ್ಮ್ ಸಂಖ್ಯೆ ಕಲಿಸುತ್ತಿತ್ತು.

ಅಲ್ಲೇ ಜಗಲಿಯಲ್ಲಿ ಕೂತು ಲ್ಯಾಪ್‌ಟಾಪ್ ತೆರೆದೆ. ಸರ್ವರ್‌ನಲ್ಲಿದ್ದ ಪೈಥಾನ್ ಪ್ರೋಗ್ರಾಮಿಂಗ್ ಭಾಷೆಗೆ ೧೦೦೧ ಅಂತ ಹಾಗೇ ಕೊಟ್ಟರೂ 1001 ಎಂದೇ ಓದಿಕೊಳ್ಳುತ್ತದೆ. ಬ್ರೌಸರಿನೊಳಗೆ ಓಡುವ ಭಾಷೆ ಜಾವಾಸ್ಕ್ರಿಪ್ಟ್ ಹಾಗಲ್ಲ, ಅದಕ್ಕೆ ಅಂಕಿ ಅಂದರೆ 0ಯಿಂದ 9 ಅಷ್ಟೇ. ನಾನು ತಪಾಸಣೆ ಇಟ್ಟದ್ದು ಅಲ್ಲಿ. ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದೊಂದು ನಂಬರ್ ಕೊಡುವ ಯೂನಿಕೋಡ್‌ನಲ್ಲಿ ಕನ್ನಡದ ಹತ್ತೂ ಅಂಕಿಗಳು ಸಾಲಾಗಿ ಕೂತಿವೆ, ಬದಲಾಯಿಸಲು ಒಂದೇ ಸಾಲು ಕೋಡ್ ಸಾಕು. ಹಾಕಿದೆ.

ಮತ್ತೆ ಅದೇ ಕೆಂಪು ಅಕ್ಷರ!

ಒಂದೊಂದೇ ಅಕ್ಷರ ಬಿಡಿಸಿ ನೋಡಿದಾಗ ಗೊತ್ತಾಯಿತು. ದೊಡ್ಡಪ್ಪ ಒತ್ತಿದ್ದು ಅಂಕಿಯ ಸೊನ್ನೆಯಲ್ಲ, 'ಅಂ' ಬರೆಯುವ ಸೊನ್ನೆ. ಕಣ್ಣಿಗೆ ಎರಡೂ ಒಂದೇ ಥರ. ಕರೆಯುವುದೂ ಎರಡನ್ನೂ ಸೊನ್ನೆ ಅಂತಲೇ. ಅವರ ಲೆಕ್ಕದ ಪುಸ್ತಕದಲ್ಲಿ ಒಂದೇ ದುಂಡು ಎರಡೂ ಕೆಲಸ ಮಾಡುತ್ತಿತ್ತು. ಯೂನಿಕೋಡ್‌ಗೆ ಮಾತ್ರ ಅವು ಬೇರೆ ಬೇರೆ. ಹಣದ ಜಾಗದಲ್ಲಿ ಅಂಕಿಯ ಪಕ್ಕ ಬಂದ ಅನುಸ್ವಾರಕ್ಕೆ ಬೇರೆ ಯಾವ ಅರ್ಥವೂ ಇರಲು ಸಾಧ್ಯವಿಲ್ಲ. ಹಾಗಾಗಿ ಅದನ್ನೂ ಸೊನ್ನೆ ಎಂದೇ ಓದುವಂತೆ ಮಾಡಿದೆ. ಆದರೂ ಹಣದ ವಿಷಯ, ಕಳಿಸುವ ಮೊದಲು ಒಮ್ಮೆ ಕೇಳುವುದು ಒಳ್ಳೆಯದು ಅನ್ನಿಸಿತು.

ಯಾವ ಭಾಷೆಗೆ ಅಂಕಿ, ದಿನಾಂಕ ಹೇಗೆ ತೋರಿಸಬೇಕು ಅಂತ ಹೇಳುವ, ಯೂನಿಕೋಡ್‌ನವರ ಸಿಎಲ್‌ಡಿಆರ್ ಎಂಬ ಪಟ್ಟಿಯಲ್ಲಿ ಮರಾಠಿ, ನೇಪಾಳಿಗೆ ದೇವನಾಗರಿ ಅಂಕಿಯೇ ಮೊದಲ ಆಯ್ಕೆ. ಕನ್ನಡಕ್ಕೆ 1, 2, 3. ತೋರಿಸುವಾಗ ಹಾಗೇ ಇರಲಿ, ಇವತ್ತು ಜಾಸ್ತಿ ಜನ ಓದುವುದೂ ಅದನ್ನೇ. ಆದರೆ ಜನ ಬರೆದದ್ದನ್ನು ತಗೊಳ್ಳುವಾಗ ಎರಡೂ ನಡೆಯಬೇಕು, ಅಲ್ವಾ?

"೧೦೦೧ ಅಂದರೆ 1001 ರೂಪಾಯಿ, ಸರಿಯೇ?" ಅಂತ ಫೋನ್ ಕೇಳಿತು. ದೊಡ್ಡಪ್ಪ ಬೆರಳಿಟ್ಟು ಒಂದೊಂದೇ ಅಂಕಿ ಓದಿ 'ಹೌದು' ಒತ್ತಿದರು. ಮುಂದಿನದು ಮೊಬೈಲ್ ನಂಬರಿನ ಜಾಗ. ಅಲ್ಲೂ ೯ ಅಂತಲೇ ಶುರು ಮಾಡಿದರು.