ವಿದ್ಯಾರ್ಥಿ ಪ್ರಾಜೆಕ್ಟ್‌ಗಳ ಆನ್‌ಲೈನ್ ಮೀಟಪ್: ಸ್ಲೈಡ್ ಕಡಿಮೆ, ಕೋಡ್ ಜಾಸ್ತಿ

ವಿದ್ಯಾರ್ಥಿಗಳ ಓಪನ್ ಸೋರ್ಸ್ (ಯಾರು ಬೇಕಾದರೂ ಕೋಡ್ ನೋಡಿ, ಬಳಸಿ, ತಿದ್ದಬಹುದಾದ) ಪ್ರಾಜೆಕ್ಟ್‌ಗಳಿಗೆ ಆನ್‌ಲೈನ್ ಮೀಟಪ್ ಅಂದರೆ ಹತ್ತು ಹನ್ನೆರಡು ತಂಡಗಳು ಒಂದರ ಹಿಂದೊಂದು ಸ್ಲೈಡ್ ತೋರಿಸುವುದು ಎಂದಾಗಿಬಿಟ್ಟಿದೆ. ಮೂರನೇ ತಂಡದ ಸರದಿ ಬರುವಷ್ಟರಲ್ಲಿ ಕೇಳುಗರು ಬೇರೆ ಟ್ಯಾಬ್ ಸೇರಿರುತ್ತಾರೆ. 2 ಗಂಟೆಯ ಮೀಟಪ್‌ಗೆ 4 ಪ್ರಾಜೆಕ್ಟ್ ಧಾರಾಳ. ತಲಾ 7 ನಿಮಿಷ ಡೆಮೋ, 3 ನಿಮಿಷ ಪ್ರಶ್ನೆ. ಶುರುವಿಗೆ 10, ಕೊನೆಗೆ 10. ಉಳಿದ ಒಂದು ಗಂಟೆ ಪೂರ್ತಿ ಬ್ರೇಕೌಟ್ ರೂಮ್‌ಗಳಿಗೆ, ಅಂದರೆ ಮೀಟಿಂಗ್‌ನೊಳಗಿನ ಪ್ರತ್ಯೇಕ ಸಣ್ಣ ಕೋಣೆಗಳಿಗೆ. ಪ್ರಾಜೆಕ್ಟ್‌ಗೊಂದು ರೂಮ್, ಬಂದವರು ಅಲ್ಲಿ ಕೋಡ್ ಮುಟ್ಟಬೇಕು.

ಆ ಗಂಟೆಯನ್ನು ನುಂಗಿಹಾಕುವುದು ಇನ್‌ಸ್ಟಾಲೇಶನ್. ಒಬ್ಬರ ಪೈಥಾನ್ ಹಳೆಯದು, ಇನ್ನೊಬ್ಬರ ವಿಂಡೋಸ್‌ನಲ್ಲಿ ಪಾತ್ ಸೆಟ್ ಆಗಿಲ್ಲ, ಮತ್ತೊಬ್ಬರ ಎನ್‌ಪಿಎಂ (ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗಳನ್ನು ಇಳಿಸುವ ಸಾಧನ) ಇನ್ನೂ ಓಡುತ್ತಲೇ ಇದೆ. ಇದನ್ನು ಮೀಟಪ್‌ಗೆ ಒಂದು ವಾರ ಮೊದಲೇ ಸರಿಮಾಡಬೇಕು. ಪ್ರಾಜೆಕ್ಟನ್ನು ಎಂದೂ ನೋಡಿರದ ಒಬ್ಬರ ಕೈಗೆ ರೀಡ್‌ಮಿ (ಪ್ರಾಜೆಕ್ಟ್ ಓಡಿಸುವ ಸೂಚನೆಗಳ ಫೈಲ್) ಮಾತ್ರ ಕೊಟ್ಟು ಸುಮ್ಮನೆ ಕೂತು ನೋಡಿ. 20 ನಿಮಿಷದಲ್ಲಿ ಓಡದಿದ್ದರೆ ತಪ್ಪು ರೀಡ್‌ಮಿಯದ್ದೇ. ಅವರು ಎಲ್ಲಿ ತಡವರಿಸಿದರೋ ಅಲ್ಲಿ ತಿದ್ದಿ. ‘ಡಿಪೆಂಡೆನ್ಸಿಗಳನ್ನು (ಪ್ರಾಜೆಕ್ಟ್ ಓಡಲು ಬೇಕಾದ ಬೇರೆ ಪ್ಯಾಕೇಜ್‌ಗಳನ್ನು) ಹಾಕಿಕೊಳ್ಳಿ’ ಎಂದು ಬರೆದು ಕೈತೊಳೆದುಕೊಂಡರೆ ಆಗದು. ಯಾವ ವರ್ಷನ್, ಯಾವ ಫೋಲ್ಡರ್‌ನಲ್ಲಿ ನಿಂತು ಯಾವ ಕಮಾಂಡ್, ಸರಿಯಾಗಿ ಓಡಿದರೆ ಪರದೆಯಲ್ಲಿ ಏನು ಕಾಣಬೇಕು, ಎಲ್ಲವೂ ಇರಬೇಕು. ಕೊನೆಯದನ್ನು ಬಹುತೇಕ ಯಾರೂ ಬರೆಯುವುದಿಲ್ಲ.

ಇಶ್ಯೂಗಳನ್ನೂ (ಪ್ರಾಜೆಕ್ಟ್‌ನಲ್ಲಿ ಮಾಡಬೇಕಾದ ಕೆಲಸಗಳ ನಮೂದುಗಳು) ಆಗಲೇ ತಯಾರಿಡಿ, ಪ್ರಾಜೆಕ್ಟ್‌ಗೆ ಐದಾರು, ‘ಗುಡ್ ಫಸ್ಟ್ ಇಶ್ಯೂ’ (ಹೊಸಬರಿಗೆ ತಕ್ಕ ಕೆಲಸ) ಲೇಬಲ್ ಹಚ್ಚಿ. ‘ಡಾರ್ಕ್ ಮೋಡ್ ಬೇಕು’ ಎಂಬುದು ಒಂದು ಗಂಟೆಯ ಕೆಲಸವಲ್ಲ. ‘ಸೆಟ್ಟಿಂಗ್ಸ್ ಪುಟದಲ್ಲಿ ಇಮೇಲ್ ಖಾಲಿ ಬಿಟ್ಟರೂ ಸೇವ್ ಆಗುತ್ತದೆ’ ಎಂದು ಬರೆದು, ಅದನ್ನು ತಡೆಯಬೇಕಾದ ಫಂಕ್ಷನ್ ಯಾವ ಫೈಲಿನಲ್ಲಿದೆ ಎಂದೂ ಹೇಳಿದರೆ ಹೊಸಬರು ಮುಗಿಸಬಲ್ಲರು. ಇಶ್ಯೂ ಎತ್ತಿಕೊಳ್ಳುವವರು ಅದರಡಿ ಒಂದು ಕಾಮೆಂಟ್ ಹಾಕಲಿ, ಇಲ್ಲದಿದ್ದರೆ ಇಬ್ಬರು ಒಂದನ್ನೇ ತಿದ್ದುತ್ತಾ ಕೂರುತ್ತಾರೆ. ಹಾಗೆಯೇ ರೆಪೊದಲ್ಲಿ (ಪ್ರಾಜೆಕ್ಟ್‌ನ ಕೋಡ್ ಇಟ್ಟಿರುವ ಜಾಗ) ಲೈಸೆನ್ಸ್ ಫೈಲ್ ಇದೆಯೇ ನೋಡಿ. ಪಬ್ಲಿಕ್ ಆಗಿದ್ದ ಮಾತ್ರಕ್ಕೆ ಕೋಡ್ ಓಪನ್ ಸೋರ್ಸ್ ಆಗುವುದಿಲ್ಲ. ಲೈಸೆನ್ಸ್ ಇಲ್ಲದಿದ್ದರೆ ಎಲ್ಲ ಹಕ್ಕೂ ಬರೆದವರ ಬಳಿಯೇ ಉಳಿಯುತ್ತದೆ. ನಾಲ್ಕು ಜನ ಸೇರಿ ಬರೆದಿದ್ದರೆ ನಾಲ್ವರೂ ಒಪ್ಪಿಯೇ ಹಾಕಬೇಕು.

ವೇದಿಕೆ ಯಾವುದಾದರೂ ಆಗಲಿ, ಉಚಿತ ಖಾತೆಯ ಸಮಯದ ಮಿತಿ ನೋಡಿಕೊಳ್ಳಿ. ಜೂಮ್‌ನಲ್ಲಿ ಅದು 40 ನಿಮಿಷ, ಅಂದರೆ ಮೂರನೇ ಡೆಮೋ ಮುಗಿಯುವ ಹೊತ್ತಿಗೇ ಬಾಗಿಲು ಬಂದ್. ಓಪನ್ ಸೋರ್ಸ್ ಮೀಟಪ್‌ಗೆ ಓಪನ್ ಸೋರ್ಸ್ ಸಾಧನವೇ ಇರಲಿ ಎನ್ನುವವರಿಗೆ ಬಿಗ್‌ಬ್ಲೂಬಟನ್ ಇದೆ, ಬ್ರೇಕೌಟ್ ರೂಮ್ ಸಮೇತ. ಆದರೆ ಸರ್ವರ್ ನಡೆಸಲು ಒಬ್ಬರು ಬೇಕು. ಲಿಂಕ್‌ಗಳನ್ನು ಚಾಟ್‌ನಲ್ಲಷ್ಟೇ ಹಾಕಬೇಡಿ. ತಡವಾಗಿ ಬಂದವರಿಗೆ ಹಿಂದಿನ ಚಾಟ್ ಹಲವು ವೇದಿಕೆಗಳಲ್ಲಿ ಕಾಣುವುದಿಲ್ಲ. ಎಲ್ಲರೂ ತೆರೆಯಬಹುದಾದ ಒಂದೇ ಡಾಕ್ಯುಮೆಂಟ್ ಇಟ್ಟು ಅದರ ವಿಳಾಸವನ್ನು ಆಹ್ವಾನದಲ್ಲೇ ಕೊಡಿ.

ಡೆಮೋ ಕೊಡುವವರ ಜೊತೆ ಹಿಂದಿನ ದಿನ ತಲಾ 10 ನಿಮಿಷ ರಿಹರ್ಸಲ್ ಮಾಡಿ. ಬ್ರೌಸರ್ ವಿಂಡೋ ಒಂದನ್ನೇ ಶೇರ್ ಮಾಡಿ ಟರ್ಮಿನಲ್‌ಗೆ ಹಾರಿದರೆ ಕೇಳುಗರಿಗೆ ಹಳೆಯ ಬ್ರೌಸರೇ ಕಾಣುತ್ತಿರುತ್ತದೆ, ಮಾತಾಡುವವರಿಗೆ ಅದು ಗೊತ್ತೇ ಆಗುವುದಿಲ್ಲ. ಪೂರ್ತಿ ಪರದೆ ಶೇರ್ ಮಾಡಿದರೆ ನೋಟಿಫಿಕೇಶನ್‌ಗಳ ಜೊತೆ, ಎಡಿಟರ್‌ನಲ್ಲಿ ತೆರೆದಿರುವ ಎಪಿಐ ಕೀ (ಬೇರೆ ಸೇವೆ ಬಳಸಲು ಪಾಸ್‌ವರ್ಡ್‌ನಂತಿರುವ ಗುಟ್ಟಿನ ಕೋಡ್) ಕೂಡ ಊರಿಗೆಲ್ಲ ಕಾಣುತ್ತದೆ. ಕೀ ಕಂಡುಬಿಟ್ಟರೆ ಫೈಲ್ ಮುಚ್ಚಿ ಪ್ರಯೋಜನವಿಲ್ಲ, ಆ ಕೀಯನ್ನೇ ರದ್ದು ಮಾಡಿ ಹೊಸದು ಪಡೆಯಬೇಕು, ಏಕೆಂದರೆ ರೆಕಾರ್ಡಿಂಗ್ ನಡೆಯುತ್ತಿರುತ್ತದೆ. ಟರ್ಮಿನಲ್ ಅಕ್ಷರ 20 ಪಾಯಿಂಟ್‌ಗಿಂತ ಸಣ್ಣದು ಬೇಡ. ನೆಟ್ ಕೈಕೊಟ್ಟರೆ ತೋರಿಸಲು 2 ನಿಮಿಷದ ವಿಡಿಯೋ ಆಯೋಜಕರ ಬಳಿ ಇರಲಿ.

ಬ್ರೇಕೌಟ್ ರೂಮ್‌ನಲ್ಲಿ ಮೊದಲ ಪುಲ್ ರಿಕ್ವೆಸ್ಟ್ (ತಿದ್ದಿದ ಕೋಡ್ ಸೇರಿಸಿಕೊಳ್ಳಿ ಎಂಬ ಕೋರಿಕೆ) ಬಂದಾಗ ಇನ್ನೊಂದು ಗೊಂದಲ. ಕೋಡ್ ಇಡುವ ತಾಣ ಗಿಟ್‌ಹಬ್‌ನ ಪಬ್ಲಿಕ್ ರೆಪೊಗಳಲ್ಲಿ ಹೊಸಬರು ಫೋರ್ಕ್‌ನಿಂದ (ರೆಪೊದ ತಮ್ಮ ಪ್ರತಿಯಿಂದ) ಕಳಿಸಿದ ಕೋಡ್‌ಗೆ ‘ಆಕ್ಷನ್ಸ್’ ಎಂಬ ಗಿಟ್‌ಹಬ್ ಸೌಲಭ್ಯದ ಟೆಸ್ಟ್‌ಗಳು ತಾವಾಗಿ ಓಡದೆ, ಮೇಂಟೇನರ್ (ಪ್ರಾಜೆಕ್ಟ್ ನೋಡಿಕೊಳ್ಳುವವರ) ಒಪ್ಪಿಗೆಗೆ ಕಾಯುತ್ತಾ ನಿಲ್ಲಬಹುದು. ಕಳಿಸಿದವರು ತಮ್ಮ ಕೋಡೇ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಹಾಗಾಗಿ ಪ್ರತಿ ರೂಮ್‌ನಲ್ಲೂ ಆ ಒಪ್ಪಿಗೆಯ ಬಟನ್ ಒತ್ತುವ ಅಧಿಕಾರ ಇರುವವರು ಒಬ್ಬರು ಇರಲೇಬೇಕು. ಮೀಟಪ್ ಮುಗಿದ ಮೇಲೂ ಎರಡು ದಿನ ಆ ಕೆಲಸಕ್ಕೆ ಪಾಳಿ ಹಾಕಿಕೊಳ್ಳಿ. ಅರ್ಧಕ್ಕೆ ನಿಂತವರು ಪುಲ್ ರಿಕ್ವೆಸ್ಟ್ ಕಳಿಸುವುದು ಆಗಲೇ.