ಒಳಗಿನ ಪ್ಯಾಡ್ ನೋಡದೆ ಬ್ರೇಕ್ ಚೆನ್ನಾಗಿದೆ ಅನ್ನಬೇಡಿ

ಕಾರು ಸರ್ವಿಸ್‌ಗೆ ತಂದವರು ನನ್ನನ್ನು ಕೇಳುವ ಪ್ರಶ್ನೆಗಳಲ್ಲಿ ಇದೇ ಮೊದಲನೆಯದು: "ಬ್ರೇಕ್ ಪ್ಯಾಡ್ ಎಷ್ಟು ಕಿಲೋಮೀಟರ್‌ಗೆ ಬದಲಾಯಿಸಬೇಕು ಸಾರ್?" ಚಕ್ರದ ಜೊತೆ ತಿರುಗುವ ಡಿಸ್ಕನ್ನು ಒಳಬದಿಯಿಂದ ಒಂದು, ಹೊರಬದಿಯಿಂದ ಒಂದು ಒತ್ತಿ ಹಿಡಿದು ನಿಲ್ಲಿಸುವುದೇ ಈ ಪ್ಯಾಡ್‌ಗಳು. ನಾನು ಸಂಖ್ಯೆ ಹೇಳುವುದಿಲ್ಲ. ಒಂದೇ ಮಾಡೆಲ್‌ನ ಎರಡು ಕಾರು, ಒಂದೇ ಕಂಪನಿಯ ಪ್ಯಾಡ್. ಒಂದರಲ್ಲಿ 30,000 ಕಿಲೋಮೀಟರ್‌ಗೇ ಸವೆದು ಹೋಗಿರುತ್ತದೆ. ಇನ್ನೊಂದು 60,000 ದಾಟಿದರೂ ಇನ್ನೂ ಓಡುತ್ತದೆ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವವರು ಬ್ರೇಕ್ ಒತ್ತುವುದೇ ಕಡಿಮೆ. ಟ್ರಾಫಿಕ್‌ನಲ್ಲಿ ನಿಂತು ನಿಂತು ಹೋಗುವವರು, ಇಳಿಜಾರಿನಲ್ಲಿ ಗೇರ್ ಇಳಿಸದೆ ಬರೀ ಬ್ರೇಕ್ ಮೇಲೇ ಇಳಿಯುವವರು ಬೇಗ ಸವೆಸುತ್ತಾರೆ. ಹಾಗಾಗಿ ಮೀಟರ್ ನೋಡಿ ಪ್ಯಾಡ್‌ನ ಸ್ಥಿತಿ ಹೇಳಲು ಆಗುವುದಿಲ್ಲ. ವೀಲ್ ಬಿಚ್ಚಿ ದಪ್ಪ ಅಳೆಯಲೇಬೇಕು.

ಹೊಸ ಪ್ಯಾಡ್‌ನಲ್ಲಿ ಉಜ್ಜುವ ಭಾಗ ಸಾಮಾನ್ಯವಾಗಿ 10ರಿಂದ 12 ಮಿಲಿಮೀಟರ್ ಇರುತ್ತದೆ. ಅದರ ಬೆನ್ನಿಗಿರುವ ಕಬ್ಬಿಣದ ಪ್ಲೇಟ್ ಲೆಕ್ಕಕ್ಕೆ ಬರುವುದಿಲ್ಲ. ಪ್ಲೇಟನ್ನೂ ಸೇರಿಸಿ ನೋಡಿ "ಇನ್ನೂ ದಪ್ಪಗಿದೆ" ಅಂದುಕೊಳ್ಳುವವರು ಜಾಸ್ತಿ. ಉಜ್ಜುವ ಭಾಗ 3 ಮಿಲಿಮೀಟರ್‌ಗೆ ಬಂದರೆ ನಾನು ಬದಲಾಯಿಸಿ ಅನ್ನುತ್ತೇನೆ. 4 ಇದ್ದು, ಆ ಕಾರು ದೂರದ ಪ್ರಯಾಣಕ್ಕೆ ಹೊರಟಿದ್ದರೆ ಆಗಲೂ ಅದನ್ನೇ ಹೇಳುತ್ತೇನೆ. ನಿಮ್ಮ ಕಾರಿನ ಕನಿಷ್ಠ ಅಳತೆ ಕಾರಿನ ಕಂಪನಿಯ ಸರ್ವಿಸ್ ಪುಸ್ತಕದಲ್ಲಿ ಇರುತ್ತದೆ, ಕೊನೆಯ ಮಾತು ಅದರದ್ದೇ.

ಈಗ ನನಗೆ ನಿಜಕ್ಕೂ ಹೇಳಬೇಕಾದ ವಿಷಯ. ಒಂದು ಕಾರು ಬರೀ ಎಂಜಿನ್ ಆಯಿಲ್ ಬದಲಾಯಿಸಲು ಬಂದಿತ್ತು. ವೀಲ್‌ನ ಸಂದಿಯಿಂದ ಟಾರ್ಚ್ ಹಾಕಿ ನೋಡಿದರೆ ಹೊರಗಿನ ಪ್ಯಾಡ್ ಅರ್ಧಕ್ಕೂ ಜಾಸ್ತಿ ಇತ್ತು. ಅಲ್ಲಿಗೇ ಬಿಟ್ಟಿದ್ದರೆ ಬ್ರೇಕ್ ಸರಿ ಇದೆ ಅಂತಲೇ ಬರೆಯಬೇಕಿತ್ತು. ವೀಲ್ ಬಿಚ್ಚಿ ಒಳಬದಿ ನೋಡಿದಾಗ ಅದೇ ಚಕ್ರದ ಒಳಗಿನ ಪ್ಯಾಡ್ ಕಬ್ಬಿಣದ ಹತ್ತಿರ ಬಂದಿತ್ತು. ಮಾಲೀಕರಿಗೆ ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿದೆ. "ಶಬ್ದವೇ ಬಂದಿರಲಿಲ್ಲವಲ್ಲ?" ಅಂದರು.

ಹೀಗಾಗುವುದಕ್ಕೆ ಕಾರಣ ಇದೆ. ಎರಡೂ ಪ್ಯಾಡನ್ನು ಹಿಡಿದಿರುವ ಭಾಗ ಕ್ಯಾಲಿಪರ್, ಪ್ಯಾಡನ್ನು ತಳ್ಳುವುದು ಪಿಸ್ಟನ್. ಬಹಳಷ್ಟು ಕಾರುಗಳಲ್ಲಿ ಪಿಸ್ಟನ್ ಇರುವುದು ಕ್ಯಾಲಿಪರ್‌ನ ಒಳಬದಿಯಲ್ಲಿ ಮಾತ್ರ. ಪೆಡಲ್ ಒತ್ತಿದಾಗ ಪಿಸ್ಟನ್ ಮೊದಲು ಒಳಗಿನ ಪ್ಯಾಡನ್ನು ಡಿಸ್ಕ್‌ಗೆ ಒತ್ತುತ್ತದೆ. ಆ ಒತ್ತಡಕ್ಕೆ ಇಡೀ ಕ್ಯಾಲಿಪರ್ ಪಿನ್‌ಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನೂ ಡಿಸ್ಕ್‌ಗೆ ತಂದು ಒತ್ತುತ್ತದೆ. ಈ ಪಿನ್‌ಗಳ ರಬ್ಬರ್ ಹರಿದು ನೀರು ಹೋದರೆ, ಗ್ರೀಸ್ ಒಣಗಿದರೆ, ಕ್ಯಾಲಿಪರ್ ಜಾರುವುದಿಲ್ಲ. ಒತ್ತುವ ಕೆಲಸವೆಲ್ಲ ಒಳಗಿನ ಪ್ಯಾಡ್ ಮೇಲೇ ಬೀಳುತ್ತದೆ. ಬರೀ ಪ್ಯಾಡ್ ಬದಲಾಯಿಸಿ ಪಿನ್ ಹಾಗೇ ಬಿಟ್ಟರೆ ಹೊಸದೂ ಅದೇ ದಾರಿ ಹಿಡಿಯುತ್ತದೆ. ಪಿನ್ ಬಿಚ್ಚಿ, ಒರೆಸಿ, ಅದಕ್ಕೇ ಮಾಡಿದ ಗ್ರೀಸ್ ಹಚ್ಚಬೇಕು. ಕೈಯಲ್ಲಿ ತಳ್ಳಿದರೆ ಸಲೀಸಾಗಿ ಓಡಾಡಬೇಕು.

ಇನ್ನು ಶಬ್ದದ ಮಾತು. ಪ್ಯಾಡ್ ಮುಗಿಯುತ್ತಾ ಬಂದಾಗ ಡಿಸ್ಕ್‌ಗೆ ತಾಗಿ ಕಿರುಚಲಿ ಅಂತ ಒಂದು ಚಿಕ್ಕ ಸ್ಟೀಲ್ ಪಟ್ಟಿ ಇಟ್ಟಿರುತ್ತಾರೆ. ಕೆಲವು ಕಾರುಗಳಲ್ಲಿ ವೈರ್ ಇರುವ ಸೆನ್ಸರ್ ಇದ್ದು ಡ್ಯಾಶ್‌ಬೋರ್ಡ್‌ನಲ್ಲಿ ಲೈಟ್ ಬರುತ್ತದೆ. ಆದರೆ ಎಲ್ಲ ಪ್ಯಾಡ್‌ಗೂ ಇವು ಇರುವುದಿಲ್ಲ. ಇದ್ದರೂ ಗಾಜು ಏರಿಸಿ ಹಾಡು ಹಾಕಿಕೊಂಡವರಿಗೆ ಕೇಳುವುದು ಅನುಮಾನ. ರಾತ್ರಿ ಮಳೆಗೆ ನಿಂತ ಕಾರು ಬೆಳಿಗ್ಗೆ ಮೊದಲ ಕೆಲವು ಬ್ರೇಕ್‌ಗೆ ಕಿರುಗುಟ್ಟಿದರೆ ಅದು ಡಿಸ್ಕ್ ಮೇಲಿನ ತುಕ್ಕು. ತಾನಾಗಿ ಹೋಗುತ್ತದೆ, ಹೆದರಬೇಡಿ. ಗರಗರ ಅಂತ ಉಜ್ಜುವ ಸದ್ದು ಬಂದರೆ ಮಾತ್ರ ಆ ಕಾರನ್ನು ಓಡಿಸಬೇಡಿ. ಕಬ್ಬಿಣಕ್ಕೆ ಕಬ್ಬಿಣ ತಾಗುತ್ತಿರಬಹುದು. ಹಾಗಾದರೆ ಡಿಸ್ಕ್‌ನಲ್ಲಿ ಗೆರೆ ಬೀಳುತ್ತದೆ, ಪ್ಯಾಡ್ ಜೊತೆ ಡಿಸ್ಕ್ ಖರ್ಚೂ ಬರುತ್ತದೆ.

ಪೆಡಲ್‌ನ ಒತ್ತಡವನ್ನು ಪಿಸ್ಟನ್‌ಗೆ ಮುಟ್ಟಿಸುವ ಬ್ರೇಕ್ ಆಯಿಲ್ ವಿಷಯದಲ್ಲಿ ನಮ್ಮ ಮೇಸ್ತ್ರಿ ಬಹಳ ಕಟ್ಟುನಿಟ್ಟು. "ಆಯಿಲ್ ಇಳಿದಿದೆ, ಸ್ವಲ್ಪ ಹಾಕಿ" ಅಂತ ಯಾರಾದರೂ ಬಂದರೆ ಅವರು ಡಬ್ಬಿ ಮುಟ್ಟಲೂ ಬಿಡುತ್ತಿರಲಿಲ್ಲ. ಮೊದಲು ವೀಲ್ ಬಿಚ್ಚಿಸುತ್ತಿದ್ದರು. ಪ್ಯಾಡ್ ಸವೆದಂತೆ ಪಿಸ್ಟನ್ ಮುಂದೆ ಬರುತ್ತದೆ, ಅದರ ಹಿಂದಿನ ಜಾಗ ತುಂಬಲು ಬಾನೆಟ್ ಕೆಳಗಿನ ಬ್ರೇಕ್ ಆಯಿಲ್ ಟ್ಯಾಂಕ್‌ನಿಂದ ಆಯಿಲ್ ಇಳಿಯುತ್ತದೆ. ಅಂದರೆ ಮಟ್ಟ ನಿಧಾನವಾಗಿ ಇಳಿಯುವುದು ಪ್ಯಾಡ್ ಸವೆತದ ಸುಳಿವು. ಸುಮ್ನೆ ತುಂಬಿಸಿಬಿಟ್ಟರೆ ಆ ಸುಳಿವೇ ಮುಚ್ಚಿಹೋಗುತ್ತದೆ, ಅಲ್ವಾ? ಆಮೇಲೆ ಹೊಸ ಪ್ಯಾಡ್ ಹಾಕುವಾಗ ಪಿಸ್ಟನ್ ಹಿಂದೆ ತಳ್ಳಿದರೆ ಆಯಿಲ್ ಉಕ್ಕಿ ಚೆಲ್ಲಿ ಕಾರಿನ ಬಣ್ಣ ತಿನ್ನುತ್ತದೆ. ಪ್ಯಾಡ್ ದಪ್ಪಗಿದ್ದೂ ಆಯಿಲ್ ಇಳಿದಿದ್ದರೆ ಎಲ್ಲೋ ಸೋರುತ್ತಿದೆ, ಅದು ಇನ್ನೂ ಗಂಭೀರ.

ಬದಲಾಯಿಸುವುದಾದರೆ ಒಂದೇ ಆಕ್ಸಲ್‌ನ, ಅಂದರೆ ಮುಂದಿನ ಎರಡು ಅಥವಾ ಹಿಂದಿನ ಎರಡು, ಚಕ್ರಕ್ಕೂ ಒಟ್ಟಿಗೆ ಬದಲಾಯಿಸಿ. ಒಂದು ಕಡೆ ಹೊಸದು, ಇನ್ನೊಂದು ಕಡೆ ಹಳೆಯದು ಇದ್ದರೆ ಬ್ರೇಕ್ ಹಿಡಿದಾಗ ಕಾರು ಪಕ್ಕಕ್ಕೆ ಎಳೆಯಬಹುದು. ಬ್ರೇಕ್ ಒತ್ತಿದಾಗ ಭಾರ ಮುಂದಕ್ಕೆ ಬೀಳುವುದರಿಂದ ಸಾಮಾನ್ಯವಾಗಿ ಮುಂದಿನ ಪ್ಯಾಡ್‌ಗಳೇ ಮೊದಲು ಮುಗಿಯುತ್ತವೆ. ಹಾಗಂತ ಹಿಂದಿನವನ್ನು ಮರೆಯಬೇಡಿ. ಡಿಸ್ಕ್‌ನ ದಪ್ಪವನ್ನೂ ಅಳೆಯಿಸಿ, ಕನಿಷ್ಠ ಎಷ್ಟಿರಬೇಕು ಅಂತ ಬಹಳಷ್ಟು ಡಿಸ್ಕ್‌ಗಳ ಮೇಲೇ ಕೊರೆದಿರುತ್ತದೆ. ನಾನು ಪ್ರತಿ ಸರ್ವಿಸ್‌ನಲ್ಲಿ ಒಳ, ಹೊರ ಎರಡೂ ಪ್ಯಾಡ್‌ನ ಅಳತೆಯನ್ನು ಬಿಲ್ ಮೇಲೆ ಬರೆದುಕೊಡುತ್ತೇನೆ. ಎರಡು ಸರ್ವಿಸ್‌ನ ಅಂಕಿ ಪಕ್ಕದಲ್ಲಿಟ್ಟರೆ ಆ ಕಾರು ಎಷ್ಟು ಬೇಗ ಸವೆಸುತ್ತದೆ ಅಂತ ಮಾಲೀಕರಿಗೇ ಗೊತ್ತಾಗುತ್ತದೆ. ನಿಮ್ಮ ಮೆಕ್ಯಾನಿಕ್ ಬರೆಯದಿದ್ದರೆ ಕೇಳಿ ಬರೆಸಿಕೊಳ್ಳಿ.

ಹೊಸ ಪ್ಯಾಡ್ ಹಾಕಿದ ಮೇಲೆ ಕಾರು ಕದಲಿಸುವ ಮೊದಲು ಪೆಡಲನ್ನು ಗಟ್ಟಿಯಾಗುವವರೆಗೆ ಕೆಲವು ಸಲ ಒತ್ತಲೇಬೇಕು. ಪಿಸ್ಟನ್ ಹಿಂದೆ ಸರಿದಿರುವುದರಿಂದ ಮೊದಲ ಸಲ ಪೆಡಲ್ ಸೀದಾ ಕೆಳಗೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಈ ಕೆಲಸ ಮುಗಿಸಿಯೇ ನಾನು ಕೀ ಕೊಡುತ್ತೇನೆ. ಪ್ಯಾಡ್ ಮತ್ತು ಡಿಸ್ಕ್ ಒಂದಕ್ಕೊಂದು ಹೊಂದಿಕೊಳ್ಳುವ ತನಕ, ಅಂದರೆ ಮೊದಲ 200-300 ಕಿಲೋಮೀಟರ್, ಬ್ರೇಕ್ ಹಿಡಿತ ಸ್ವಲ್ಪ ಕಡಿಮೆ ಅನ್ನಿಸಬಹುದು. ಆ ದಿನಗಳಲ್ಲಿ ಮುಂದಿನ ಗಾಡಿಯಿಂದ ದೂರ ಇರಿ, ಅನಿವಾರ್ಯ ಅಲ್ಲದಿದ್ದರೆ ಜೋರಾಗಿ ಬ್ರೇಕ್ ಹಿಡಿಯಬೇಡಿ.