ಹುಬ್ಬಳ್ಳಿ–ಗದಗ–ಹಾವೇರಿ: ಏಪ್ರಿಲ್ ಬಿಸಿಲಿನಲ್ಲಿ ಮೊಬೈಲ್ ನಂಬಿ ಕಾರು ಹೊರಡಿಸುವವರಿಗೆ

ಅಣ್ಣನ ಮಗಳ ಲಗ್ನಪತ್ರಿಕೆ ಹಂಚಲು ಏಪ್ರಿಲ್ ಕೊನೆಯ ವಾರದಲ್ಲಿ ಹುಬ್ಬಳ್ಳಿಯಿಂದ ಹೊರಟೆವು. ಕಾರಿನಲ್ಲಿ ನಾನು, ಕಾಕಾ, ಮತ್ತು ಶಾಲೆಗೆ ರಜೆಯೆಂದು ಹಟ ಹಿಡಿದು ಜೊತೆಗೆ ಬಂದ ಅಣ್ಣನ ಇಬ್ಬರು ಹುಡುಗರು. ಗದಗ, ಲಕ್ಕುಂಡಿ, ಮುಳಗುಂದ, ಲಕ್ಷ್ಮೇಶ್ವರ, ಸವಣೂರು, ಹಾವೇರಿ, ಬಂಕಾಪುರ. ಒಂದೇ ದಿನದಲ್ಲಿ ಒಂಬತ್ತು ಮನೆ. ಸುತ್ತಿ ಬಂದು ಮನೆ ಸೇರುವಾಗ ಸುಮಾರು 260 ಕಿಲೋಮೀಟರ್. ಬಸವ ಜಯಂತಿಯ ಆಸುಪಾಸು ಮದುವೆಗಳ ಸುಗ್ಗಿ, ಹೀಗಾಗಿ ಈ ಬಿಸಿಲಿನಲ್ಲೇ ಇದೇ ಸುತ್ತು ಹಾಕುವವರು ಬಹಳ ಮಂದಿ ಇರುತ್ತಾರೆ. ನೀರು, ಮಜ್ಜಿಗೆ, ಟೋಪಿ ಎಲ್ಲರಿಗೂ ನೆನಪಿರುತ್ತದೆ. ಮೊಬೈಲಿಗೂ ಬಿಸಿಲು ತಟ್ಟುತ್ತದೆ ಎನ್ನುವುದು ನಡುದಾರಿಯಲ್ಲಿ ಅದು ಕೈಕೊಟ್ಟಾಗಲೇ ನೆನಪಾಗುತ್ತದೆ. ಅದನ್ನು ನೀವು ಮೊದಲೇ ತಿಳಿದು ಹೊರಡಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ದಾರಿಯ ದಿಕ್ಕು. ಹುಬ್ಬಳ್ಳಿಯಿಂದ ಗದಗಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 67 ಬಹುಪಾಲು ನೇರ ಪೂರ್ವಕ್ಕೆ ಸಾಗುತ್ತದೆ. ಬೆಳಿಗ್ಗೆ ಹೊರಟರೆ ಸೂರ್ಯ ಮುಂದಿನ ಗಾಜಿನಲ್ಲೇ ಇರುತ್ತಾನೆ. ಗದಗದಿಂದ ಸಂಜೆ ಅದೇ ದಾರಿಯಲ್ಲಿ ಮರಳುವವರಿಗೆ ಆಗಲೂ ಎದುರಿಗೇ ಬಿಸಿಲು. ಎರಡೂ ಬದಿಗೆ ಎರೆಭೂಮಿ, ಬೆಳೆ ಕಿತ್ತ ಬಯಲು, ಅಡ್ಡವಾಗುವ ಮರವಿಲ್ಲ. ಗಾಜಿಗೆ ಅಂಟಿಸಿದ ಹೋಲ್ಡರಿನಲ್ಲಿ ಮೊಬೈಲ್ ಇಟ್ಟರೆ ಅದರ ಬೆನ್ನು ಪೂರ್ತಿ ಬಿಸಿಲಿಗೆ ತೆರೆದಿರುತ್ತದೆ. ಪರದೆ ನಮ್ಮ ಕಡೆಗಿರುವುದರಿಂದ ಅದು ನಮಗೆ ಗೊತ್ತಾಗುವುದಿಲ್ಲ. ನನ್ನ ಮೊಬೈಲಿಗೆ ಕಪ್ಪು ರಬ್ಬರಿನ ದಪ್ಪ ಕವರ್ ಬೇರೆ ಇತ್ತು.

ಅಣ್ಣಿಗೇರಿ ಹತ್ತಿರ ಬರುವಾಗ ಎಂಟು ಗಂಟೆಯೂ ಆಗಿರಲಿಲ್ಲ. ಗಾಜಿಗೆ ಅಂಟಿಕೊಂಡಿದ್ದ ಹೋಲ್ಡರಿನ ರಬ್ಬರ್ ಬಟ್ಟಲು ಬಿಸಿಗೆ ಸಡಿಲವಾಗಿ ಮೊಬೈಲ್ ಸಮೇತ ಗೇರಿನ ಮೇಲೆ ಬಿತ್ತು. ಕಾರು ಆಗ ನಿಧಾನವಿದ್ದುದು ಪುಣ್ಯ. ಅಲ್ಲೇ ಬದಿಗೆ ನಿಲ್ಲಿಸಿ, ಡಿಕ್ಕಿಯಲ್ಲಿದ್ದ ಇನ್ನೊಂದು ಹೋಲ್ಡರ್ ತೆಗೆದು ಎ.ಸಿ. ಗಾಳಿ ಬರುವ ಕಿಂಡಿಗೆ ಸಿಕ್ಕಿಸಿದೆ. ಹೊರಡುವ ಮೊದಲೇ ಮಾಡಬೇಕಿದ್ದ ಕೆಲಸ ಇದು. ಕಿಂಡಿಗೆ ಸಿಕ್ಕಿಸುವ ಹೋಲ್ಡರ್ ಕೊಳ್ಳುವಾಗ ಕೊಕ್ಕೆಯಿದ್ದು ತಿರುಪಿನಿಂದ ಬಿಗಿಯುವಂಥದ್ದನ್ನೇ ಕೊಳ್ಳಿ. ಬರೀ ಚಿಮಟದಂತೆ ಕಚ್ಚಿಕೊಳ್ಳುವಂಥದ್ದು ಭಾರದ ಮೊಬೈಲ್ ಹೊತ್ತು ಕಿಂಡಿಯ ತೆಳು ಪಟ್ಟಿಗಳನ್ನು ಬಾಗಿಸಿಬಿಡುತ್ತದೆ. ಅಲ್ಲಿ ಇಟ್ಟರೆ ತಂಪು ಗಾಳಿ ಸೀದಾ ಮೊಬೈಲಿನ ಬೆನ್ನಿಗೆ ತಾಗುತ್ತದೆ, ಕಾರಿನ ಮಾಡಿನ ನೆರಳೂ ಸಿಗುತ್ತದೆ. ಈ ಪ್ರವಾಸದ ಒಂದೇ ಒಂದು ಮಾತನ್ನು ನೀವು ನೆನಪಿಡುವುದಾದರೆ ಇದನ್ನು ಇಡಿ. ಬೇಸಿಗೆಯಲ್ಲಿ ಮೊಬೈಲಿನ ಜಾಗ ಗಾಜಿನ ಮೇಲಲ್ಲ, ಗಾಳಿಯ ಮುಂದೆ.

ಕಾನೂನಿನ ಮಾತೂ ಇದಕ್ಕೆ ಸೇರಿಕೊಂಡಿದೆ. 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಕೇಂದ್ರ ಮೋಟಾರು ವಾಹನ ನಿಯಮಗಳ ತಿದ್ದುಪಡಿಯ ಪ್ರಕಾರ, ವಾಹನ ನಡೆಸುವಾಗ ಮೊಬೈಲನ್ನು ದಾರಿ ನೋಡಲು ಮಾತ್ರ ಬಳಸಬಹುದು, ಅದೂ ಚಾಲಕನ ಗಮನ ಕೆಡದ ರೀತಿಯಲ್ಲಿ. ತೊಡೆಯ ಮೇಲೆ ಇಟ್ಟುಕೊಂಡು ಬಗ್ಗಿ ನೋಡುವ ಅಭ್ಯಾಸ ಇದ್ದವರು ದಯವಿಟ್ಟು ಬಿಡಿ.

ಲಕ್ಕುಂಡಿ ಗದಗದಿಂದ ಮುಂದೆ ಸುಮಾರು 12 ಕಿಲೋಮೀಟರ್, ಅದೇ ಹೆದ್ದಾರಿಯಲ್ಲಿ. ಒಂದು ಪತ್ರಿಕೆ ಕೊಡುವುದಿತ್ತು, ಹುಡುಗರಿಗೆ ಗುಡಿ ತೋರಿಸುವುದೂ ಆಯಿತು. ಹತ್ತು ಗಂಟೆಯೊಳಗೆ ನೋಡಿ ಮುಗಿಸಿ. ಆಮೇಲೆ ಕಾಶಿವಿಶ್ವೇಶ್ವರ ಗುಡಿಯ ಅಂಗಳದ ಕಲ್ಲು ಬರಿಗಾಲಿಗೆ ಸುಡುತ್ತದೆ. ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮಜಿನಾಲಯದ ಒಳಗೆ ಮಾತ್ರ ಸಾವಿರ ವರ್ಷದ ಕಲ್ಲು ತನ್ನ ತಂಪನ್ನು ಬಿಟ್ಟುಕೊಟ್ಟಿಲ್ಲ. ಹುಡುಗರನ್ನು ಮುಸುಕಿನ ಬಾವಿಯ ಮೆಟ್ಟಿಲಿನಿಂದ ಎಬ್ಬಿಸಲು ಕಾಕಾ ಎರಡು ಸಲ ಕೂಗಬೇಕಾಯಿತು.

ತಪ್ಪು ಆದದ್ದು ಗದಗಕ್ಕೆ ಮರಳಿದ ಮೇಲೆ. ಒಂದು ಮನೆಯ ಮುಂದೆ ಕಾರು ನಿಲ್ಲಿಸಿ, ಐದು ನಿಮಿಷದ ಕೆಲಸವೆಂದು ಮೊಬೈಲನ್ನು ಹೋಲ್ಡರಿನಲ್ಲೇ ಬಿಟ್ಟು ಒಳಗೆ ಹೋದೆ. ಪತ್ರಿಕೆ ಕೊಟ್ಟು ಎದ್ದು ಬರುವ ಪದ್ಧತಿ ನಮ್ಮಲ್ಲಿ ಎಲ್ಲಿದೆ? ಚಹಾ ಬಂತು, ಅವಲಕ್ಕಿ ಬಂತು, ಕುಂಕುಮ ಹಚ್ಚಿದರು, ಮುಕ್ಕಾಲು ಗಂಟೆಯಾಯಿತು. ಹೊರಗೆ ಬಂದು ಕಾರಿನ ಬಾಗಿಲು ತೆಗೆದರೆ ಬಟ್ಟಿಯ ಬಾಗಿಲು ತೆಗೆದಂತೆ ಝಳ ಮುಖಕ್ಕೆ ಬಡಿಯಿತು. ಮೊಬೈಲ್ ಕೈಯಲ್ಲಿ ಹಿಡಿಯಲಾಗುತ್ತಿರಲಿಲ್ಲ. ಹೊರಗೆ 39–40 ಡಿಗ್ರಿ ಇದ್ದಾಗ ಗಾಜು ಮುಚ್ಚಿ ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ 60 ಡಿಗ್ರಿ ದಾಟುವುದು ಏನೂ ಅಪರೂಪವಲ್ಲ. ಆಪಲ್ ಸಂಸ್ಥೆ ತನ್ನ ಐಫೋನ್ ಬಳಕೆಗೆ ಹೇಳುವ ಹೊರಗಿನ ತಾಪಮಾನದ ಮಿತಿ 35 ಡಿಗ್ರಿ, ಬಳಸದೆ ಇಡಲು 45 ಡಿಗ್ರಿ. ಅಂದರೆ ನಮ್ಮ ಏಪ್ರಿಲ್ ಮಧ್ಯಾಹ್ನದ ಬರೀ ಗಾಳಿಯೇ ಬಳಕೆಯ ಮಿತಿಯನ್ನು ಮೀರಿದೆ, ನಿಲ್ಲಿಸಿದ ಕಾರಿನ ಮಾತು ಬೇರೆ ಹೇಳಬೇಕಿಲ್ಲ.

ನಾನು ಅದನ್ನು ಆರಲು ಬಿಡಬೇಕಿತ್ತು. ಬಿಡದೆ, ಚಾರ್ಜ್ ಕಡಿಮೆಯಿದೆಯೆಂದು ಕಾರಿನ ವೇಗದ ಚಾರ್ಜರಿಗೆ ಸಿಕ್ಕಿಸಿ, ಮ್ಯಾಪ್ ಹಾಕಿ ಹೊರಟೆ. ಮುಳಗುಂದ ದಾಟುವ ಹೊತ್ತಿಗೆ ಪರದೆ ತಾನಾಗಿ ಮಬ್ಬಾಯಿತು. ಬೆಳಕು ಹೆಚ್ಚಿಸಿದರೂ ಹೆಚ್ಚಲಿಲ್ಲ. ಚಾರ್ಜ್ ಆಗುವುದು ನಿಂತಿತು. ಆಮೇಲೆ ಮ್ಯಾಪಿನ ಬಾಣ ಹಿಂದೆ ಬೀಳತೊಡಗಿತು. ನಾವು ಕವಲು ದಾಟಿ ಅರ್ಧ ಫರ್ಲಾಂಗ್ ಬಂದ ಮೇಲೆ ಅದು ‘ಎಡಕ್ಕೆ ತಿರುಗಿ’ ಎಂದಿತು. ಕೊನೆಗೆ ಒಂದು ಹಳ್ಳಿಯ ಕೂಡುರಸ್ತೆಯಲ್ಲಿ ಬಿಸಿಯ ಎಚ್ಚರಿಕೆ ತೋರಿಸಿ ಪರದೆ ಆರಿಹೋಯಿತು.

ಅದು ಕೆಟ್ಟದ್ದಲ್ಲ, ತನ್ನನ್ನು ತಾನು ಕಾಪಾಡಿಕೊಂಡದ್ದು. ಒಳಗಿನ ಲಿಥಿಯಂ ಬ್ಯಾಟರಿಯನ್ನು ಸಾಮಾನ್ಯವಾಗಿ 45 ಡಿಗ್ರಿಗಿಂತ ಮೇಲೆ ಚಾರ್ಜ್ ಮಾಡಬಾರದು, ಮಾಡಿದರೆ ಅದರ ಆಯುಸ್ಸು ಕುಗ್ಗುತ್ತದೆ. ಆದ್ದರಿಂದ ಮೊಬೈಲ್ ಮೊದಲು ಚಾರ್ಜ್ ನಿಲ್ಲಿಸುತ್ತದೆ, ಪರದೆಯ ಬೆಳಕು ಇಳಿಸುತ್ತದೆ, ಪ್ರೊಸೆಸರಿನ ವೇಗ ತಗ್ಗಿಸುತ್ತದೆ. ವೇಗ ತಗ್ಗಿದಾಗಲೇ ಮ್ಯಾಪಿನ ಬಾಣ ತಡವಾಗಿ ಓಡುವುದು. ದಾರಿ ತೋರಿಸುವ ಕೆಲಸವೇ ಮೊಬೈಲಿಗೆ ಭಾರ: ಜಿಪಿಎಸ್, ಡೇಟಾ, ಉರಿಯುವ ಪರದೆ, ಧ್ವನಿ ಎಲ್ಲವೂ ಒಟ್ಟಿಗೆ ನಡೆಯುತ್ತಿರುತ್ತವೆ. ಬಿಸಿಲಿನಲ್ಲಿ ಪರದೆ ಕಾಣಲಿ ಎಂದು ಬೆಳಕು ತಾನಾಗಿ ಪೂರ್ತಿ ಏರುತ್ತದೆ, ಆ ಬೆಳಕೇ ಮತ್ತಷ್ಟು ಬಿಸಿ ತರುತ್ತದೆ. ಅದರ ಮೇಲೆ ವೇಗದ ಚಾರ್ಜರ್. ತಂತಿಯಿಲ್ಲದ ಚಾರ್ಜಿಂಗ್ ಇದ್ದರಂತೂ ಇನ್ನೂ ಹೆಚ್ಚು ಬಿಸಿ. ಇಷ್ಟು ಸಾಲದೆಂಬಂತೆ, ಹಿಂದಿನ ಸೀಟಿನ ಹುಡುಗರು ನನ್ನ ಮೊಬೈಲಿನ ಹಾಟ್‌ಸ್ಪಾಟ್ ಹಿಡಿದು ಬೆಳಗಿನಿಂದ ವಿಡಿಯೊ ನೋಡುತ್ತಿದ್ದುದು ಆಗ ತಿಳಿಯಿತು. ದಾರಿ ತೋರಿಸುವ ಮೊಬೈಲಿನಿಂದ ಹಾಟ್‌ಸ್ಪಾಟ್ ಕೊಡಬೇಡಿ.

ದೊಡ್ಡ ಹುಡುಗ ನೀರಿನ ಡಬ್ಬದ ಮಂಜುಗಡ್ಡೆಯ ಮೇಲೆ ಮೊಬೈಲ್ ಇಡಲು ಹೊರಟಿದ್ದ. ತಡೆದೆ. ಕಾದ ಮೊಬೈಲನ್ನು ಒಮ್ಮೆಲೇ ಅಷ್ಟು ತಣ್ಣಗೆ ಮಾಡಿದರೆ ಒಳಗೆ ತೇವ ಕಟ್ಟಿ ಶಾಶ್ವತವಾಗಿ ಕೆಡಬಹುದು. ಕವರ್ ಕಳಚಿ, ಚಾರ್ಜರ್ ತೆಗೆದು, ಮೊಬೈಲನ್ನು ಪೂರ್ತಿ ಬಂದ್ ಮಾಡಿ, ಎ.ಸಿ. ಗಾಳಿಗೆ ಒಡ್ಡಿದೆವು. ಹತ್ತು–ಹದಿನೈದು ನಿಮಿಷದಲ್ಲಿ ಸರಿಹೋಯಿತು. ಅಷ್ಟರೊಳಗೆ ಕಾಕಾ ಇಳಿದು ಬೇವಿನ ಮರದ ಕಟ್ಟೆಯ ಮೇಲಿದ್ದ ಅಜ್ಜನನ್ನು ಲಕ್ಷ್ಮೇಶ್ವರದ ದಾರಿ ಕೇಳಿ ಬಂದಿದ್ದರು. ಕಾರು ಏರಿ, "ತಮ್ಮಾ, ಇನ್ನು ಇದಕ್ಕೆ ನೆರಳು ನೋಡಿಯೇ ಕೆಲಸ ಹೇಳು" ಎಂದರು. ಅಲ್ಲಿಂದ ಮುಂದೆ ಇಳಿಯುವಾಗಲೆಲ್ಲ ಮೊಬೈಲ್ ನನ್ನ ಅಂಗಿಯ ಕಿಸೆಯಲ್ಲೇ ಬಂತು. ಪವರ್ ಬ್ಯಾಂಕನ್ನೂ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ, ಅದರಲ್ಲಿರುವುದೂ ಅದೇ ಬ್ಯಾಟರಿ.

ಕಾರು ನಿಲ್ಲಿಸುವ ಜಾಗದ ಬಗ್ಗೆ ಒಂದು ಮಾತು. ಬಂದಾಗ ಇರುವ ನೆರಳು ನೋಡಬೇಡಿ, ಹೊರಡುವಾಗ ಎಲ್ಲಿರುತ್ತದೆ ಎಂದು ನೋಡಿ. ಏಪ್ರಿಲ್ ಕೊನೆಗೆ ನಮ್ಮ ಸೀಮೆಯಲ್ಲಿ ನಡುಹಗಲ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೆಯೇ ನಿಲ್ಲುತ್ತಾನೆ, ಗೋಡೆಗೆ ನೆರಳೇ ಇರುವುದಿಲ್ಲ. ಆಗ ಮರವೊಂದೇ ಗತಿ. ಮಧ್ಯಾಹ್ನದ ನಂತರವಾದರೆ ಮರದ ಅಥವಾ ಕಟ್ಟಡದ ಪೂರ್ವಕ್ಕೆ ನಿಲ್ಲಿಸಿ, ನೆರಳು ಆ ಕಡೆಗೇ ಬೆಳೆಯುತ್ತ ಹೋಗುತ್ತದೆ. ಮತ್ತೆ ಹೊರಡುವಾಗ ನಾಲ್ಕೂ ಬಾಗಿಲು ತೆಗೆದು ಎರಡು ನಿಮಿಷ ಝಳ ಹೋಗಲು ಬಿಟ್ಟು, ಎ.ಸಿ. ತಂಪಾದ ಮೇಲೆ ಮೊಬೈಲನ್ನು ಕಿಂಡಿಗೆ ಸಿಕ್ಕಿಸಿ. ಮೊದಲ ಕೆಲವು ನಿಮಿಷ ಆ ಕಿಂಡಿಯಿಂದ ಬರುವುದೂ ಬಿಸಿ ಗಾಳಿಯೇ.

ಲಕ್ಷ್ಮೇಶ್ವರದಲ್ಲಿ ಖಾನಾವಳಿಯ ರೊಟ್ಟಿ ಊಟ, ಸೋಮೇಶ್ವರನಿಗೊಂದು ನಮಸ್ಕಾರ. ಅಲ್ಲಿ ಕುಳಿತು ಮೊಬೈಲಿನ ಸಿದ್ಧತೆಯನ್ನೂ ಸರಿಪಡಿಸಿಕೊಂಡೆ. ಖಾನಾವಳಿಯವರು ವೈಫೈ ಕೊಟ್ಟರು, ಗೂಗಲ್ ಮ್ಯಾಪ್ಸ್‌ನಲ್ಲಿ ಲಕ್ಷ್ಮೇಶ್ವರದಿಂದ ಹಾವೇರಿ, ಹುಬ್ಬಳ್ಳಿವರೆಗಿನ ಭಾಗವನ್ನು ಆಫ್‌ಲೈನ್ ನಕ್ಷೆಯಾಗಿ ಇಳಿಸಿಕೊಂಡೆ. ಆ ಆ್ಯಪಿನಲ್ಲಿ ನಿಮ್ಮ ಚಿತ್ರದ ಮೇಲೆ ಒತ್ತಿದರೆ ಆ ಆಯ್ಕೆ ಸಿಗುತ್ತದೆ. ನೀವು ಇದನ್ನು ಹಿಂದಿನ ರಾತ್ರಿ ಮನೆಯಲ್ಲೇ ಮಾಡಿಕೊಳ್ಳಿ. ಜಿಪಿಎಸ್ ಸಂಕೇತ ಉಪಗ್ರಹದಿಂದ ಬರುತ್ತದೆ, ಅದಕ್ಕೆ ಡೇಟಾ ಬೇಡ. ನಕ್ಷೆ ಮೊದಲೇ ಒಳಗಿದ್ದರೆ ಡೇಟಾ ಬಂದ್ ಮಾಡಿಯೂ ದಾರಿ ನೋಡಬಹುದು. ರಸ್ತೆಯ ವಾಹನ ದಟ್ಟಣೆ ಮಾತ್ರ ಆಗ ಕಾಣುವುದಿಲ್ಲ, ಸವಣೂರಿನ ದಾರಿಗೆ ಅದು ಬೇಕಾಗಿಯೂ ಇಲ್ಲ. ಸಿಗ್ನಲ್ ಕ್ಷೀಣವಾಗಿರುವಲ್ಲಿ ಮೊಬೈಲ್ ಗೋಪುರ ಹುಡುಕುತ್ತ ಹೆಚ್ಚು ಶಕ್ತಿ ಸುಡುತ್ತದೆ, ಡೇಟಾ ಬಂದ್ ಇದ್ದರೆ ಆ ಹೊರೆಯೂ ತಗ್ಗುತ್ತದೆ.

ಧ್ವನಿಯನ್ನು ಕನ್ನಡಕ್ಕೆ ಬದಲಿಸಿಕೊಂಡು, ಪರದೆ ಆರಿಸಿ, ಕಿವಿಗೊಟ್ಟು ಹೋದದ್ದು ಎಲ್ಲಕ್ಕಿಂತ ದೊಡ್ಡ ಉಪಕಾರವಾಯಿತು. ತಿರುವು ಬಂದಾಗ ಅದೇ ಹೇಳುತ್ತದೆ, ಇಪ್ಪತ್ತು ಕಿಲೋಮೀಟರ್ ನೇರ ರಸ್ತೆಯಲ್ಲಿ ಪರದೆ ಉರಿಸುವುದು ಯಾಕೆ? ಐಫೋನ್ ಕೂಡ ಅತಿಯಾಗಿ ಕಾದಾಗ ಪರದೆ ಆರಿಸಿ ಧ್ವನಿಯಲ್ಲಿ ದಾರಿ ಹೇಳುವುದನ್ನು ಮುಂದುವರಿಸುತ್ತದೆ, ತಿರುವು ಸಮೀಪಿಸಿದಾಗ ಮಾತ್ರ ಪರದೆ ಬೆಳಗಿಸುತ್ತದೆ. ಕಾರಿನಲ್ಲೇ ಪರದೆಯಿದ್ದು ಆಂಡ್ರಾಯ್ಡ್ ಆಟೊ ಅಥವಾ ಕಾರ್‌ಪ್ಲೇ ಇರುವವರು ತಂತಿಯಿಂದ ಜೋಡಿಸಿ, ಮೊಬೈಲನ್ನು ಕೆಳಗೆ ನೆರಳಿನಲ್ಲಿಡಿ. ಕಾರಿನಲ್ಲಿ ಎರಡು ಮೊಬೈಲ್ ಇದ್ದರೆ ಒಂದನ್ನು ಚೀಲದಲ್ಲಿ ತಣ್ಣಗೆ ಕಾದಿರಿಸಿ. ಸವಣೂರಿನಿಂದ ಮುಂದೆ ಕಾಕಾನ ಮೊಬೈಲನ್ನೇ ಬಳಸಿದೆವು.

ಸವಣೂರಿನಲ್ಲಿ ದೊಡ್ಡ ಹುಣಸೆ ಮರಗಳನ್ನು ನೋಡದೆ ಬರಬೇಡಿ. ಆಫ್ರಿಕಾ ಮೂಲದ ಬಾವೋಬಾಬ್ ಮರಗಳು ಅವು, ನಾಲ್ಕಾರು ಜನ ಕೈ ಜೋಡಿಸಿದರೂ ಬುಡ ತಬ್ಬಲಾಗದು. ಖಾರಾ ಎರಡು ಕಿಲೋ ಕಟ್ಟಿಸಿಕೊಂಡೆವು. ಹಾವೇರಿಯಲ್ಲಿ ಎರಡು ಮನೆ, ಸಿದ್ಧೇಶ್ವರ ಗುಡಿಯ ಹತ್ತಿರವೇ, ಬೇಗ ಮುಗಿಯಿತು.

ಹಾವೇರಿಯಿಂದ ಹುಬ್ಬಳ್ಳಿಗೆ ರಾಷ್ಟ್ರೀಯ ಹೆದ್ದಾರಿ 48. ಸಂಜೆ ಐದರ ಬಿಸಿಲು ಇಲ್ಲಿ ಎಡಗಡೆಯಿಂದ ಓರೆಯಾಗಿ ಬೀಳುತ್ತದೆ. ನಡುವಿನ ಕಿಂಡಿಯಲ್ಲಿದ್ದ ಮೊಬೈಲನ್ನು ನನ್ನ ಬಲಗೈ ಬದಿಯ ಕಿಂಡಿಗೆ ಬದಲಾಯಿಸಿದೆ, ಅಲ್ಲಿ ಸ್ಟಿಯರಿಂಗಿನ ನೆರಳು ಇತ್ತು. ಮೇಲ್ಸೇತುವೆ ಮತ್ತು ಸರ್ವಿಸ್ ರಸ್ತೆ ಅಕ್ಕಪಕ್ಕ ಓಡುವ ಕಡೆ ನಾವು ಯಾವುದರ ಮೇಲಿದ್ದೇವೆ ಎಂದು ಮ್ಯಾಪಿಗೆ ತಿಳಿಯದಿರಬಹುದು, ಅಲ್ಲಿ ಫಲಕ ಓದಿಯೇ ಇಳಿಯಿರಿ. ಬಂಕಾಪುರಕ್ಕೆ ಹೋಗುವವರಿಗೆ ಇದು ಮುಖ್ಯ, ಊರು ಹೆದ್ದಾರಿಯಿಂದ ಸ್ವಲ್ಪ ಒಳಗಿದೆ.

ನಮ್ಮ ಕೊನೆಯ ಪತ್ರಿಕೆ ಅಲ್ಲಿಯದೇ. ಮ್ಯಾಪು ಪೇಟೆಯ ನಡುವಿನವರೆಗೆ ತಂದು, ‘ನೀವು ತಲುಪಿದ್ದೀರಿ’ ಎಂದು ಸುಮ್ಮನಾಯಿತು. ಕಾಕಾ ಒಂಬತ್ತೂ ಲಕೋಟೆಗಳ ಹಿಂದೆ ಮನೆಯವರಿಗೆ ಮೊದಲೇ ಫೋನ್ ಮಾಡಿ ಕೇಳಿ ಪೆನ್ಸಿಲಿನಿಂದ ಗುರುತು ಬರೆದಿಟ್ಟುಕೊಂಡಿದ್ದರು. ಕನ್ನಡಕ ಏರಿಸಿ ಓದಿದರು: "ಅಗಸಿ ದಾಟಿ ಎಡಕ್ಕೆ, ಹಿಟ್ಟಿನ ಗಿರಣಿ, ಅದರ ಮುಂದೆ ಮೂರನೆಯ ಮನೆ, ಬಾಗಿಲಲ್ಲಿ ಕರಿಬೇವಿನ ಗಿಡ." ಗಿರಣಿ ಸಿಕ್ಕಿತು. ಮೂರನೆಯ ಮನೆಯ ಬಾಗಿಲಲ್ಲಿ ಕರಿಬೇವಿನ ಗಿಡವಿತ್ತು, ಅದರ ಬುಡಕ್ಕೆ ಆ ಮನೆಯ ಅವ್ವ ನೀರು ಹಾಕುತ್ತಿದ್ದರು.